ಕಣ್ಣಿನ ಸಾಕ್ಷಿಗೆ ಎಷ್ಟು ತೂಕ?

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕೆಂಬುದು ಹಿರಿಯರ ಮಾತು. ಕಣ್ಣನ್ನೇ ಪರೀಕ್ಷೆಗೊಡ್ಡುವ ವಿಜ್ಞಾನಕ್ಕೆ ಈ ಮಾತು ಇಮ್ಮಡಿಯಾಗಿ ಸಲ್ಲುತ್ತದೆ.

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಬೆಳೆಗಾರನ ವರ್ಷದ ದುಡಿಮೆಗೆ ಬೆಲೆ ಕಟ್ಟುವಾಗ ನುರಿತ ನೋಟದ ಪಾತ್ರ ಸಣ್ಣದಲ್ಲ. ಆ ನೋಟವನ್ನು ಎಷ್ಟರಮಟ್ಟಿಗೆ ನಂಬಬಹುದು? ಬಣ್ಣದಲ್ಲಿ ತುಸುವೇ ಅಂತರವಿರುವ ಎರಡು ಹಣ್ಣುಗಳನ್ನು ತೋರಿಸಿ, ಹೆಚ್ಚು ಹಳದಿಯಾದುದು ಯಾವುದೆಂದು ಒಬ್ಬರನ್ನು 100 ಸಲ ಕೇಳಿದೆವೆನ್ನೋಣ. 75 ಸಲ ಸರಿಯುತ್ತರ ಬಂದಿತು. ಬರಿಯ ಊಹೆಗೂ ಸುಮಾರು 50 ದಕ್ಕುತ್ತದೆಯೆಂಬುದನ್ನು ಮರೆಯಬಾರದು. ಇಲ್ಲಿ ‘ನೂರಕ್ಕೆ 75’ ಎಂದಷ್ಟೇ ಬರೆದರೆ ಅದು ಅರ್ಧಸತ್ಯ. ಲೆಕ್ಕ ಹಾಕಿದರೆ ಮಿತಿ ಸುಮಾರು 67ರಿಂದ 83. ಪ್ರಯೋಗವನ್ನು ಮತ್ತೆ ಮತ್ತೆ ಮಾಡಿ ಪ್ರತಿಸಲವೂ ಹೀಗೆ ಮಿತಿ ಹಾಕಿದರೆ, ನೂರರಲ್ಲಿ ಸುಮಾರು 95 ಸಲ ನಿಜವಾದ ಸಾಮರ್ಥ್ಯ ಅದರೊಳಗೆ ಸಿಕ್ಕುತ್ತದೆ. ಈ ಮಿತಿಯನ್ನು ಅರ್ಧಕ್ಕಿಳಿಸಲು ಶ್ರಮವನ್ನು ನಾಲ್ಕು ಪಟ್ಟು ಮಾಡಬೇಕು.

ಆದರೆ ಒಬ್ಬರ ಸಾವಿರ ಉತ್ತರಗಳು ಸಾವಿರ ಜನರ ಉತ್ತರಗಳಾಗವು. ಹತ್ತು ಜನರನ್ನು ನೂರು ನೂರು ಸಲ ಕೇಳಿದರೆ ಉತ್ತರಗಳು ಸಾವಿರ, ನೋಡಿದವರು ಮಾತ್ರ ಹತ್ತೇ ಮಂದಿ. ಸರ್ ಸಿ. ವಿ. ರಾಮನ್ ಬೆಂಗಳೂರಿನಲ್ಲಿ ವರ್ಷಗಟ್ಟಲೆ ದುಡಿದು, ಬಹುಮಟ್ಟಿಗೆ ತಮ್ಮ ಅವಲೋಕನಗಳನ್ನೇ ಆಧರಿಸಿ, 1968ರಲ್ಲಿ ‘ದ ಫಿಸಿಯಾಲಜಿ ಆಫ್ ವಿಷನ್’ ಗ್ರಂಥವನ್ನು ಹೊರತಂದರು. ಕಣ್ಣಿನಲ್ಲಿ ಮೂರು ಬಗೆಯ ವರ್ಣಗ್ರಾಹಿಗಳಿವೆಯೆಂಬ ಸಿದ್ಧಾಂತವನ್ನು ಅವರು ಒಪ್ಪಲಿಲ್ಲ. ವಿಜ್ಞಾನ ಒಪ್ಪಿದುದು ಆ ಸಿದ್ಧಾಂತವನ್ನೇ. ಮಹಾಮೇಧಾವಿಯ ಕಣ್ಣೂ ಒಂದು ಸಾಕ್ಷಿ ಮಾತ್ರ.

ಹಾಗಾದರೆ ಉಪಾಯವೇನು? ಅಮೆರಿಕದ ಬ್ರಾಡ್ಲಿ ಎಫ್ರಾನ್ 1979ರಲ್ಲಿ ಸೂಚಿಸಿದ ವಿಧಾನಕ್ಕೆ ಒಂದು ಮಡಕೆ, ಕೆಲವು ಚೀಟಿಗಳು ಸಾಕು. ಒಬ್ಬೊಬ್ಬರ ಫಲವನ್ನೂ ಒಂದೊಂದು ಚೀಟಿಯಲ್ಲಿ ಬರೆದು ಹಾಕಿ. ಒಂದನ್ನೆತ್ತಿ, ಗುರುತಿಸಿಕೊಂಡು, ಮರಳಿ ಹಾಕಿ. ಇಪ್ಪತ್ತು ಜನರಿದ್ದರೆ ಇಪ್ಪತ್ತು ಸಲ ಎತ್ತಿ ಸರಾಸರಿ ತೆಗೆಯಿರಿ. ಇದನ್ನೇ ನೂರಾರು ಸಲ ಮಾಡಿದಾಗ ಸರಾಸರಿಗಳು ಎಷ್ಟು ಅಗಲಕ್ಕೆ ಹರಡುವುವೋ ಅದೇ ನಮ್ಮ ಅನಿಶ್ಚಿತತೆಯ ಅಳತೆ. ಗಣಕಯಂತ್ರಕ್ಕೆ ಇದು ಕ್ಷಣದ ಕೆಲಸ. ಕೈಯಿಂದಲೇ ಮಾಡಿದ ವಿದ್ಯಾರ್ಥಿಗೆ ಮಾತ್ರ ಅದರ ಅರ್ಥ ಮನಸ್ಸಿನಲ್ಲಿ ನಿಲ್ಲುತ್ತದೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಶಾಲೆಗಳು ಇಂತಹ ಪ್ರಯೋಗವನ್ನು ಕೂಡಿ ನಡೆಸಲಿ. ವಿಜ್ಞಾನ ಪ್ರದರ್ಶನದಲ್ಲಿ ಸರಾಸರಿಯ ಪಕ್ಕದಲ್ಲಿ ಅದರ ಮಿತಿಯನ್ನೂ ಬರೆಯದ ಫಲಕಕ್ಕೆ ಬಹುಮಾನ ಸಲ್ಲಬಾರದು. ತನ್ನ ಅರಿವಿನ ಗಡಿಯನ್ನು ಅಂಕೆಯಲ್ಲಿ ಹೇಳಬಲ್ಲವನ ಮಾತಿಗೇ ತೂಕ ಹೆಚ್ಚು.