ಪಬ್‌ನ ಮೂಲೆಯಲ್ಲಿ ಹವ್ಯಾಸಿ ಸಂಗೀತ
ಇಂಗ್ಲೆಂಡಿನ ಪಬ್‌ಗಳಲ್ಲಿ, ಅಂದರೆ ಸುತ್ತಲಿನವರು ಸಂಜೆ ಕಲೆತು ಕುಡಿಯುತ್ತ ಹರಟುವ ಪಾನಗೃಹಗಳಲ್ಲಿ, ಹಗಲು ಬೇರೆ ಕೆಲಸ ಮಾಡಿಕೊಂಡು ಹಾಡುವ ಹವ್ಯಾಸಿಗಳಿಗೆ ಅನೇಕ ಕಡೆ ವೇದಿಕೆಯೇ ಇರುವುದಿಲ್ಲ. ಮೇಜುಗಳನ್ನು ಸರಿಸಿದ ಮೂಲೆಯಲ್ಲೇ ಡ್ರಮ್ ಇಡಬೇಕು, ಆ ಇಕ್ಕಟ್ಟಿನಲ್ಲಿ ಮೈಕು ಸ್ಪೀಕರಿನ ದನಿಯನ್ನೇ ಮತ್ತೆ ಹಿಡಿದು ಕಿರುಚುವ, ಫೀಡ್‌ಬ್ಯಾಕ್ ಎಂಬ ತೊಂದರೆಯನ್ನೂ ಎದುರಿಸಬೇಕು. ಹರಟೆಯಲ್ಲಿ ಮುಳುಗಿದವರ ಕಿವಿಯನ್ನು ತಮ್ಮತ್ತ ಸೆಳೆಯುವ ವಿದ್ಯೆಯನ್ನು ಯಾವ ಸಂಗೀತಶಾಲೆಯೂ ಇಷ್ಟು ಚೆನ್ನಾಗಿ ಕಲಿಸಲಾರದು. ಆದ್ದರಿಂದಲೇ, ಮದ್ಯದ ಪರವಾನಗಿಯುಳ್ಳ ಜಾಗಗಳಲ್ಲಿ 200 ಶ್ರೋತೃಗಳವರೆಗೆ, ಬೆಳಗಿನ 8ರಿಂದ ರಾತ್ರಿ 11ರ ತನಕ, ಸಂಗೀತಕ್ಕೆಂದೇ ಬೇರೆ ಅನುಮತಿ ಬೇಕಿಲ್ಲವೆಂದು ಸಾರಿದ 2012ರ ಲೈವ್ ಮ್ಯೂಸಿಕ್ ಕಾಯಿದೆ ಹವ್ಯಾಸಿಗಳಿಗೆ ಮಾಡಿದ ಉಪಕಾರ ದೊಡ್ಡದು. 2015ರಲ್ಲಿ ಆ ಮಿತಿಯನ್ನು 500ಕ್ಕೆ ಏರಿಸಲಾಯಿತು.