ಪ್ರಾಣಿಪ್ರಪಂಚ: ಹಸುರು ಹಾವು

ಹಸುರು ಹಾವು ಮರದಿಂದ ಹಾರಿ ಬಂದು ಮನುಷ್ಯನ ಕಣ್ಣನ್ನೇ ಕುಕ್ಕುವುದೆಂಬ ನಂಬಿಕೆ ನಮ್ಮ ಜನರಲ್ಲಿ ಬಹುಕಾಲದಿಂದ ಉಂಟು. ಬೆಂಗಳೂರಿನ ದಂಡು ಪ್ರದೇಶದಲ್ಲಿಯೂ ಹಲಸೂರಿನಲ್ಲಿಯೂ ತಲೆಮಾರುಗಳಿಂದ ನೆಲಸಿರುವ ತಮಿಳರ ಭಾಷೆಯಲ್ಲಿ ಇದರ ಹೆಸರೇ ‘ಕಣ್‌ಕೊತ್ತಿ ಪಾಂಬು’, ಅಂದರೆ ಕಣ್ಣು ಕುಕ್ಕುವ ಹಾವು. ಶಾಸ್ತ್ರಜ್ಞರು ಇದರ ಕುಲಕ್ಕೆ ಇಟ್ಟಿರುವ ‘ಅಹೇಟುಲ್ಲ’ ಎಂಬ ಹೆಸರು ಸಹ ಇದೇ ಅರ್ಥದ ಸಿಂಹಳ ಮಾತಿನಿಂದ ಬಂದುದು. ಈ ಅಪವಾದದ ದೆಸೆಯಿಂದ ಎಷ್ಟೋ ಹಸುರು ಹಾವುಗಳು ದೊಣ್ಣೆಯ ಪೆಟ್ಟಿಗೆ ಸಿಕ್ಕಿ ಸಾಯುತ್ತವೆ.

ನಿಜಸ್ಥಿತಿಯನ್ನು ವಿಚಾರಿಸೋಣ. ಇದರ ದೇಹವು ಬೆರಳಿನಷ್ಟು ತೆಳು, ಉದ್ದವು ಸಾಮಾನ್ಯವಾಗಿ 4–5 ಅಡಿ, ಮೂತಿಯು ಚೂಪು. ಕಣ್ಣಿನ ಪಾಪೆಯು ಅಡ್ಡಲಾಗಿದ್ದು ಬೀಗದ ರಂಧ್ರವನ್ನು ಹೋಲುತ್ತದೆ. ಕಣ್ಣಿನಿಂದ ಮೂತಿಯವರೆಗೆ ಎರಡು ಪಕ್ಕಗಳಲ್ಲಿಯೂ ಒಂದೊಂದು ತೋಡು ಇರುವುದರಿಂದ, ಎರಡು ಕಣ್ಣುಗಳೂ ಮುಂದಿನ ಬೇಟೆಯ ಮೇಲೆ ಏಕಕಾಲದಲ್ಲಿ ನೆಟ್ಟು ದೂರವನ್ನು ಅಳೆಯಬಲ್ಲವು. ಹಗಲಿನಲ್ಲಿ ಗಾಳಿಗೆ ತೂಗುವ ಬಳ್ಳಿಯಂತೆ ಓಲಾಡುತ್ತ, ಓತಿಕೇತ, ಕಪ್ಪೆ, ಸಣ್ಣ ಹಕ್ಕಿಗಳನ್ನು ಹಿಡಿಯುವುದು. ಮೊಟ್ಟೆಯಿಡದೆ ಮರಿಗಳನ್ನೇ ಹಾಕುವುದು. ಬೆದರಿದಾಗ ಮೈಯುಬ್ಬಿಸಿ ಬಾಯ್ದೆರೆಯುವುದು. ಆಗ ಹುರುಪೆಗಳ ನಡುವೆ ಕಪ್ಪು ಬಿಳುಪು ಗೆರೆಗಳು ತೋರುವುವು. ಗಿಡದಲ್ಲಿ ನಮ್ಮ ಮುಖದ ಮಟ್ಟಕ್ಕೆ ಇರುವ ಹಾವನ್ನು ಕೆಣಕಿದರೆ ಅದು ಮುಖದ ಕಡೆಗೇ ಚಾಚುವುದು ಸಹಜ. ಕಣ್ಣಿನ ಕಥೆಯು ಬಹುಶಃ ಇದರಿಂದಲೇ ಹುಟ್ಟಿರಬೇಕು.

ಲಂಕೆಯ ಹಸುರು ಹಾವೂ ನಮ್ಮದೂ ಒಂದೇ ಜಾತಿಯೆಂದು ಬಹುಕಾಲ ಎಣಿಸಲಾಗಿತ್ತು. 2020ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಶೋಕ್ ಕುಮಾರ್ ಮಲ್ಲಿಕ್ ಮತ್ತು ಅವರ ಸಂಗಡಿಗರು, ಇವು ಬೇರೆ ಬೇರೆ ಜಾತಿಗಳೆಂದು ಪ್ರಕಟಿಸಿದರು. ನಮ್ಮ ಬಯಲುನಾಡಿನ ಹಾವಿಗೆ ಈಗ ‘ಅಹೇಟುಲ್ಲ ಆಕ್ಸಿರಿಂಕ’ ಎಂದು ಹೆಸರು.

ಇದಕ್ಕೆ ವಿಷವಿಲ್ಲವೆಂದಲ್ಲ. ವಿಷದ ಹಲ್ಲುಗಳು ಬಾಯಿಯ ಹಿಂಭಾಗದಲ್ಲಿವೆ. ವಿಷವು ಓತಿಕೇತನಂತಹ ಪ್ರಾಣಿಗಳನ್ನು ನಿಶ್ಚೇಷ್ಟಗೊಳಿಸಲು ಸಾಕಾಗುವಷ್ಟು ಮಾತ್ರ. ಮನುಷ್ಯನಿಗೆ ಕಚ್ಚಿದರೆ ನೋವು, ಬಾವು, ಮರಗಟ್ಟುವಿಕೆಗಳು ತೋರಿ ಕೆಲವು ದಿನಗಳಲ್ಲಿ ಶಮನವಾಗುವುವು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ವಿಷಕ್ಕಾಗಿ ಕೊಡುವ ಪ್ರತಿವಿಷದ ಔಷಧವು ಇದಕ್ಕೆ ಬೇಕಾಗುವುದಿಲ್ಲ.

ಆದರೆ ಹಸುರು ಬಣ್ಣವೊಂದನ್ನೇ ನಂಬಿ ಯಾರೂ ಧೈರ್ಯ ತಾಳಬಾರದು. ಮಲೆನಾಡಿಗೆ ಹೋದವರು ಅಲ್ಲಿಯ ಹಸುರು ಗುಳಿಮಂಡಲವನ್ನು ಕಾಣಬಹುದು. ಅದರ ತಲೆ ಅಗಲವಾಗಿ ತ್ರಿಕೋನಾಕಾರವಾಗಿರುವುದು, ವಿಷವೂ ಹೆಚ್ಚು. ಯಾವ ಹಾವೆಂದು ನಿಶ್ಚಯವಿಲ್ಲದ ಕಡಿತಕ್ಕೆ ಗಾಯವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಆ ಅಂಗವನ್ನು ಅಲುಗಿಸದೆ ಕೂಡಲೇ ಆಸ್ಪತ್ರೆಗೆ ಹೋಗುವುದೇ ಕ್ರಮ.

ಹಲಸೂರಿನ ಕಾಂಪೌಂಡಿನಲ್ಲಾಗಲಿ, ಇಂದಿರಾನಗರದ ಹೂದೋಟದಲ್ಲಾಗಲಿ, ಕೃಷ್ಣರಾಜಪುರದ ಬೇಲಿಯಲ್ಲಾಗಲಿ ಈ ಹಾವು ಕಂಡರೆ ಮಕ್ಕಳನ್ನು ದೂರ ನಿಲ್ಲಿಸಿ, ಅದರ ಪಾಡಿಗೆ ಅದನ್ನು ಬಿಡಿರಿ. ಮನೆಯೊಳಗೆ ಬಂದಿದ್ದರೆ ಹಾವು ಹಿಡಿಯಲು ಬಲ್ಲವರಿಗೆ ಹೇಳಿಕಳುಹಿಸಿರಿ. ದೊಣ್ಣೆಯನ್ನು ಅರಸುವ ಅವಶ್ಯಕತೆಯಿಲ್ಲ.