ಜಪಾನೀ ಆಡುಮಾತಿಗೆ ಕನ್ನಡದ ದಾರಿ

ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯಂತಹ ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರು ಜಪಾನೀ ಆಡುಮಾತನ್ನು ಕಲಿಯಹೊರಟರೆ ಮೊದಲು ಇಂಗ್ಲಿಷಿನ ಹೊಸ್ತಿಲನ್ನು ದಾಟಬೇಕಾಗುತ್ತದೆ. ಬಿಡದಿಯಲ್ಲಿ ಟೊಯೊಟಾ, ನರಸಾಪುರದಲ್ಲಿ ಹೋಂಡಾ ಕಾರ್ಖಾನೆಗಳಿರುವಾಗ ಈ ಕಲಿಕೆ ಬರಿಯ ಹವ್ಯಾಸವಲ್ಲ. ಆದರೆ ಈ ಸುತ್ತುದಾರಿ ಅನಗತ್ಯ.

‘ಒಚ ಒ ಕುದಸಾಯ್’ ಎಂಬುದು ‘ಚಹಾವನ್ನು ಕೊಡಿ’ ಎಂಬುದರ ಜೋಡಣೆಯನ್ನೇ ಹೋಲುತ್ತದೆ: ನಾಮಪದ, ಅದರ ಹಿಂದೆ ವಿಭಕ್ತಿಸೂಚಕ, ಕೊನೆಗೆ ಕ್ರಿಯೆ. ಇಂಗ್ಲಿಷಿನ ಮೂಲಕ ಕಲಿಯುವವರು ಈ ಕ್ರಮವನ್ನು ತಲೆಕೆಳಗು ಮಾಡಿ ಮತ್ತೆ ನೆಟ್ಟಗೆ ನಿಲ್ಲಿಸಬೇಕು. ಇದು ರಚನೆಯ ಸಾಮ್ಯ ಮಾತ್ರ, ಕುಲಸಂಬಂಧವಲ್ಲ. ತಮಿಳು-ಜಪಾನೀ ನಂಟಿನ ಬಗೆಗಿನ ಸುಸುಮು ಓನೊ ಅವರ ವಾದವನ್ನು ಬಹುಪಾಲು ಭಾಷಾವಿಜ್ಞಾನಿಗಳು ಒಪ್ಪಿಲ್ಲ.

ಲಿಪಿಯ ವಿಷಯದಲ್ಲಿ ಲಾಭ ಇನ್ನೂ ಸ್ಪಷ್ಟ. ‘ಒಬಸನ್’ ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸನ್’ ಎಂದರೆ ಅಜ್ಜಿ. ‘ಕಿತೆ’ ಬರುವ ಕ್ರಿಯೆಯ ರೂಪ, ‘ಕಿತ್ತೆ’ ಅಂಚೆಚೀಟಿ. ರೋಮನ್ ಬರಹದಲ್ಲಿ ಸುಲಭವಾಗಿ ಕಣ್ತಪ್ಪುವ ಹ್ರಸ್ವ-ದೀರ್ಘ, ಒತ್ತಕ್ಷರಗಳ ಭೇದ ಕನ್ನಡಿಗರಿಗೆ ಮೊದಲ ತರಗತಿಯ ಪಾಠ.

ತೊಡಕುಗಳಿಲ್ಲವೆಂದಲ್ಲ. ‘ಬಸ್ಸು’, ‘ಕಾರು’ ಎಂದು ಉಕಾರ ಸೇರಿಸುವ ನಾಲಿಗೆ ‘ದೆಸು’ವಿನ ಕೊನೆಯ ಉಕಾರವನ್ನು ನುಂಗುವುದನ್ನು ಕಲಿಯಬೇಕು. ಇಂತಹ ಎಡವುಗಳನ್ನು ಗುರುತಿಸಿ ಕನ್ನಡದಲ್ಲೇ ಸಂಭಾಷಣಾ ಕೈಪಿಡಿಯನ್ನು ರೂಪಿಸುವುದು ವಿದೇಶೀ ಭಾಷಾ ವಿಭಾಗಗಳಿಗಿಂತ ಮೊದಲು ಕನ್ನಡ ವಿಭಾಗಗಳ ಕೆಲಸ.